ಗೆದ್ದ ನೆಲ ಕಾಯುವವರು

ಸೋಮಶೇಖರ ಬದುಕಿದ್ದಾನೆಂದು ಮನೆಯವರಿಗೆ ತಿಳಿದದ್ದು ಯುದ್ಧ ಮುಗಿದು ಎರಡು ತಿಂಗಳಾದ ಮೇಲೆ, ೧೯೭೨ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಅವರ ಬಳಿ ಇದ್ದದ್ದು ಸೈನ್ಯದಿಂದ ಬಂದ ಒಂದು ತಂತಿ ಮಾತ್ರ, ಅದರಲ್ಲಿ 'ಕಾಣೆಯಾಗಿದ್ದಾರೆ' ಎಂದಿತ್ತು. ರೆಡ್ ಕ್ರಾಸ್ ಮೂಲಕ ಬಂದ ಕಾರ್ಡಿನಲ್ಲಿ ಅವನು ಇಂಗ್ಲಿಷಿನಲ್ಲಿ ಮೂರು ಸಾಲು ಬರೆದಿದ್ದ. ಪಾಕಿಸ್ತಾನದಲ್ಲಿ ಸೆರೆಯಲ್ಲಿದ್ದೇನೆ, ಕಾಲಿನ ಗಾಯ ಮಾಯುತ್ತಿದೆ, ಅಪ್ಪನಿಗೆ ಹೇಳು. ಅವನ ಹೆಂಡತಿ ಸುಲೋಚನಮ್ಮ ಅಜ್ಜಂಪುರದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಕಾರ್ಡನ್ನು ಅವಳೇ ಮಾವನಿಗೆ ಕನ್ನಡದಲ್ಲಿ ಓದಿ ಹೇಳಿದಳು. ಮೆಣಸಿನಕಾಯಿ ಮಂಡಿ ನಡೆಸುತ್ತಿದ್ದ ಮಾವ ತೀರ್ಥಪ್ಪನವರು ಆ ದಿನ ಅಂಗಡಿ ತೆಗೆಯಲಿಲ್ಲ.

ಜುಲೈನಲ್ಲಿ ಸಿಮ್ಲಾ ಒಪ್ಪಂದದ ಸುದ್ದಿ ಬಂತು. ಪಶ್ಚಿಮದ ಗಡಿಯಲ್ಲಿ ಗೆದ್ದಿದ್ದ ಸಾವಿರಾರು ಚದರ ಮೈಲಿ ನೆಲವನ್ನು ನಮ್ಮವರು ಬಿಟ್ಟುಕೊಡುತ್ತಾರಂತೆ. ಊರಿಗೆ ಊರೇ ಕುದಿಯಿತು. ಕೊಬ್ಬರಿ ವ್ಯಾಪಾರದ ಜಯದೇವಪ್ಪ ಸಂತೆ ಮೈದಾನದಲ್ಲಿ ಖಂಡನಾ ಸಭೆ ಏರ್ಪಡಿಸಿದರು. ಅಧ್ಯಕ್ಷತೆಗೆ ತೀರ್ಥಪ್ಪನವರು ಒಪ್ಪಿದರು.

"ಟೀಚರಮ್ಮ, ನೀವೂ ಎರಡು ಮಾತಾಡಿ. ಯೋಧನ ಹೆಂಡ್ತಿ ಹೇಳಿದ್ರೆ ಅದರ ತೂಕಾನೇ ಬೇರೆ" ಎಂದರು ಜಯದೇವಪ್ಪ.

ಸಭೆಯ ದಿನ ಅವಳು ವೇದಿಕೆ ಹತ್ತಿದಾಗ ಜನ ಚಪ್ಪಾಳೆ ತಟ್ಟಿದರು.

"ನಮ್ಮನೆಯೋರು ಸೆರೆ ಸಿಕ್ಕಿದ್ದು ಶಕರ್‌ಗಢ ಅನ್ನೋ ಕಡೆ. ಆ ನೆಲ ನಾವೇ ಇಟ್ಕೊಂಡ್ರೆ ಯಾರಾದ್ರೂ ಅಲ್ಲಿ ನಿಂತು ಕಾಯ್ಬೇಕಲ್ವಾ? ಹತ್ತು ವರ್ಷವೋ, ಇಪ್ಪತ್ತು ವರ್ಷವೋ. ನಮ್ಮನೆಯಿಂದ ಒಬ್ರು ಹೋಗಿದಾರೆ. ಇನ್ಮುಂದೆ ಯಾರ ಮನೆಯಿಂದ ಕಳಿಸ್ತೀರಿ, ಹೇಳಿ" ಎಂದಳು.

ಮುಂದೆ ಕೂತಿದ್ದ ಕಲ್ಲಪ್ಪನೆಂಬ ರೈತ ಎದ್ದು ನಿಂತ. "ಗಂಡ ಬರ್ಲಿ ಅಂತ ದೇಶದ ನೆಲ ಬಿಡೋಕಾಯ್ತದಾ ಟೀಚರಮ್ಮ?"

"ಬರ್ಲಿ ಅಂತ ಆಸೆ ಇದೆ ಕಲ್ಲಪ್ಪೋರೆ, ಸುಳ್ಳು ಹೇಳಲ್ಲ. ಆದ್ರೆ ಪೇಪರನ್ನ ಎರಡು ಸಲ ಓದಿದೀನಿ. ಸೆರೆಯವರನ್ನ ಬಿಡ್ತೀವಿ ಅಂತ ಅದ್ರಲ್ಲಿ ಎಲ್ಲೂ ಇಲ್ಲ. ಮುಂದೆ ಕೂತು ಮಾತಾಡ್ತೀವಿ ಅಂತಷ್ಟೇ ಇದೆ. ಗೆದ್ದೋರು ನಾವು, ಮೊದ್ಲು ಮಾತಿಗೆ ಕೂತ್ರೆ ಚಿಕ್ಕೋರಾಗಲ್ಲ. ಮಾತು ನಿಂತೋದ್ರೆ ಮತ್ತೆ ಗುಂಡೇ ಅಲ್ವಾ?"

ಖಂಡನೆಯ ನಿರ್ಣಯ ಓದಬೇಕಿದ್ದ ತೀರ್ಥಪ್ಪನವರು ಕಾಗದವನ್ನು ಓದದೆ ಮಡಿಸಿ ಜೇಬಿಗಿಟ್ಟರು. ಆಮೇಲೆ "ಸಭೆ ಮುಗೀತು" ಎಂದಷ್ಟೇ ಹೇಳಿ ಕೆಳಗಿಳಿದು, ಸೊಸೆಗಾಗಿ ಕಾಯದೆ ಮನೆಗೆ ಹೊರಟುಬಿಟ್ಟರು.

ಒಂದು ತಿಂಗಳು ಅವರು ಅವಳೊಡನೆ ಮಾತಾಡಲಿಲ್ಲ. ಬಡಿಸಿದ್ದನ್ನು ಉಂಡು ಮಂಡಿಗೆ ಹೋಗುತ್ತಿದ್ದರು. ತಾನು ಮಾವನ ಮಾನ ಕಳೆದೆನೇನೋ ಎಂದು ಸುಲೋಚನಮ್ಮ ಒಳಗೇ ಕೊರಗಿದಳು. ಆದರೂ ಆಡಿದ ಮಾತು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ.

ಆಗಸ್ಟಿನ ಒಂದು ಸಂಜೆ ತೀರ್ಥಪ್ಪನವರು ರೈಲ್ವೆ ಸ್ಟೇಷನ್ನಿನಿಂದ ಪೇಪರು ತಂದು ಅವಳ ಮುಂದಿಟ್ಟರು.

"ಕಾಶ್ಮೀರದಲ್ಲಿ ಗಡಿ ಗೆರೆ ಗುರುತು ಮಾಡೋಕೆ ಎರಡೂ ಕಡೆ ಜನರಲ್‌ಗಳು ಕೂತವ್ರಂತೆ. ಏನೈತೆ, ಓದಮ್ಮ."

ಅಂದಿನಿಂದ ಅದು ದಿನದ ಕೆಲಸವಾಯಿತು. ಅವಳು ಶಾಲೆಯ ನಕ್ಷೆ ಹಾಸಿ ತೋರಿಸುವಳು, ಅವರು ಕನ್ನಡಕ ಏರಿಸಿ ಬಗ್ಗಿ ನೋಡುವರು. ಒಂದು ಪುಟ್ಟ ಹಳ್ಳಿ ಯಾರದು ಎಂಬ ವಿಷಯಕ್ಕೆ ಮಾತುಕತೆ ವಾರಗಟ್ಟಲೆ ನಿಂತಾಗ ಅವರಿಗೆ ಮುದ್ದೆ ಇಳಿಯುತ್ತಿರಲಿಲ್ಲ. "ಬದುವಿನ ಜಗಳಾನೇ ಇದು. ಪಂಚಾಯ್ತಿ ಮಾಡೋರಿಗೆ ತಾಳ್ಮೆ ಬೇಕು" ಎನ್ನುತ್ತಿದ್ದರು.

ನವೆಂಬರ್ ಕೊನೆಯಲ್ಲಿ ರೇಡಿಯೋದಲ್ಲಿ ಸುದ್ದಿ ಬಂತು. ಪಶ್ಚಿಮದ ಗಡಿಯಲ್ಲಿ ಸೆರೆಸಿಕ್ಕವರನ್ನು ಎರಡೂ ದೇಶಗಳು ಬಿಡುತ್ತವೆ. ತೀರ್ಥಪ್ಪನವರು ರೇಡಿಯೋ ಆರಿಸಿ, ಸೊಸೆಯ ತಲೆಯ ಮೇಲೆ ಕೈಯಿಟ್ಟರು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಡಿಸೆಂಬರ್ ನಡುವಿನಲ್ಲಿ ಬೀರೂರು ಕಡೆಯಿಂದ ಬಂದ ರೈಲಿನಿಂದ ಸೋಮಶೇಖರ ಇಳಿದ. ಬಡವಾಗಿದ್ದ, ಎಡಗಾಲು ಎಳೆಯುತ್ತಿತ್ತು. ಹೂವಿನ ಹಾರ ಹಿಡಿದು ಜಯದೇವಪ್ಪನವರೂ ಬಂದಿದ್ದರು. ಮನೆಯ ಜಗಲಿಯಲ್ಲಿ ಅಪ್ಪ ಮಗನ ಜೊತೆ ಕೂತ ಮೇಲೆ ಅವರು ತಡೆಯಲಾರದೆ ಕೇಳಿದರು.

"ಅಷ್ಟು ಕಷ್ಟಪಟ್ಟು ಗೆದ್ದ ನೆಲ ಬಿಡ್ತಿದಾರಲ್ಲೋ ಸೋಮಣ್ಣ, ನಿಂಗೆ ಬೇಜಾರಾಗಲ್ವಾ?"

ಸೋಮಶೇಖರ ಹೇಳಿದ. "ಸತ್ತೋರನ್ನ ನೆನೆಸ್ಕೊಂಡ್ರೆ ಆಗ್ತದೆ. ಆದ್ರೆ ನಾವು ಬಂದೂಕು ಹಿಡ್ದು ಮಲಗಿದ್ದು ಕಬ್ಬಿನ ಗದ್ದೇಲಿ ಜಯದೇವಣ್ಣ. ಆಳೆತ್ತರದ ಬೆಳೆ. ಕಡಿಯೋಕೆ ಆ ಊರಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ, ಎಲ್ಲ ಓಡೋಗಿದ್ರು. ಈಗ ವಾಪಸ್ ಬತ್ತಾರೆ. ಬಂದು ಹೊಲ ಮಾಡ್ಕೊಂಡ್ರೆ ಅವ್ರಿಗೂ ಮತ್ತೆ ಜಗಳ ಬೇಕನ್ಸಲ್ಲ."

ಜಯದೇವಪ್ಪ ಮೆಲ್ಲಗೆ ಕೇಳಿದರು: "ಅಲ್ಲಿ ಕಬ್ಬಿಗೆ ನೀರು ಬಾವೀದಾ, ಕಾಲುವೇದಾ?"

ಸುಲೋಚನಮ್ಮ ಕಾಫಿ ತರುವಷ್ಟರಲ್ಲಿ ಮೂವರೂ ಆ ಊರಿನ ನೀರಿನ ಮಾತಿಗಿಳಿದಿದ್ದರು. ಅವಳೂ ಲೋಟ ಹಿಡಿದು ಗಂಡನ ಪಕ್ಕದಲ್ಲಿ ಕೂತಳು.