ಬಾಣಲೆ ಮನೆಯ ಅಂಗಳ

ಅಂಚೆಯಣ್ಣ ಆ ಬೀದಿಯಲ್ಲಿ ಮೂವತ್ತಾರು ವರ್ಷ ಕಾಗದ ಹಂಚಿದವನು. ಯಾವ ಮನೆಯ ಮುಂದೆ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ ಎಂಬುದನ್ನು ಕಣ್ಣು ಕಟ್ಟಿ ಬಿಟ್ಟರೂ ಹೇಳಬಲ್ಲವನಾಗಿದ್ದ. ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೇ. ಮಿಕ್ಕ ಓದನ್ನೆಲ್ಲ ಅವನ ಕಾಲುಗಳೇ ಓದಿದ್ದವು. ಹತ್ತು ಗಂಟೆಗೆ ಬಟವಾಡೆಗೆ ಹೊರಟರೆ ಮೊದಲು ದರ್ಜಿ ಅಂಗಡಿಯ ತಗಡಿನ ಕೆಳಗೆ, ಅಲ್ಲಿಂದ ಶಾಲೆಯ ಉದ್ದ ಗೋಡೆಯ ಮಗ್ಗುಲಿಗೆ. ಹನ್ನೆರಡಾಗುವ ಹೊತ್ತಿಗೆ ಆ ಗೋಡೆಯ ನೆರಳು ಅವನ ಚಪ್ಪಲಿಯಷ್ಟು ಅಗಲಕ್ಕೆ ಇಳಿದಿರುತ್ತಿತ್ತು. ಆಗ ಅವನು ಹಗ್ಗದ ಮೇಲೆ ನಡೆಯುವವನ ಹಾಗೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಡೆಯುತ್ತಿದ್ದ. ಬೀದಿಗೆ ಹೊಸದಾಗಿ ಬಂದವರು ಇವನು ಹಗಲಲ್ಲೇ ಕುಡಿದಿದ್ದಾನೆ ಎಂದುಕೊಂಡದ್ದೂ ಉಂಟು.

ಎರಡು ಗಂಟೆಗೆ ಟೀಚರಮ್ಮನ ಮನೆ ಬರುತ್ತಿತ್ತು. ಅದು ಉತ್ತರಕ್ಕೆ ಮುಖ ಮಾಡಿದ ಮನೆ. ಬೆನ್ನಿಗೆ ನಾಲ್ಕು ಅಂತಸ್ತಿನ ಗೋದಾಮು. ಊರೆಲ್ಲ ಕಾದ ಕಬ್ಬಿಣದಂತಿರುವಾಗ ಆ ಮನೆಯ ಜಗಲಿ ಮಾತ್ರ ಮಣ್ಣಿನ ಮಡಕೆಯ ಹೊಟ್ಟೆಯ ಹಾಗೆ ತಂಪಾಗಿರುತ್ತಿತ್ತು. ಅಲ್ಲೊಂದು ಕಲ್ಲುಬೆಂಚು. ಅಂಚೆಯಣ್ಣ ಚೀಲ ಇಳಿಸಿ, ಉಳಿದ ಕಾಗದಗಳನ್ನು ಮನೆಯ ಸಾಲಿಗೆ ಸರಿಯಾಗಿ ಜೋಡಿಸಿಕೊಳ್ಳುತ್ತಿದ್ದುದು ಅಲ್ಲೇ. ಬೆಳಗಿನ ಶಾಲೆ ಮುಗಿಸಿ ಬಂದಿರುತ್ತಿದ್ದ ಟೀಚರಮ್ಮ ಕಿಟಕಿಯಲ್ಲಿ ನೀರಿನ ಚೊಂಬು ಇಟ್ಟು, ಒಳಗಿನಿಂದಲೇ ಕೇಳುತ್ತಿದ್ದರು.

"ಇನ್ನೆಷ್ಟು ಮನೆ ಉಳಿದವು, ಅಂಚೆಯಣ್ಣ?"

"ಎದುರು ಸಾಲು ಪೂರ್ತಿ ಹಾಗೇ ಇದೆ, ಟೀಚರಮ್ಮ."

"ಹಾಗಾದ್ರೆ ಇನ್ನು ಬಾಣಲೆಗೆ ಇಳೀಬೇಕು ಅನ್ನು!"

ಬಾಣಲೆ ಎಂದರೆ ಎದುರು ಸಾಲಿನ ಮೊದಲ ಮನೆ. ಅದರ ಮುಖ ದಕ್ಷಿಣಕ್ಕೆ. ಗೇಟಿನಿಂದ ಬಾಗಿಲಿಗೆ ಇಪ್ಪತ್ತೇಳು ಹೆಜ್ಜೆ, ನಡುವೆ ಬೋಳು ಅಂಗಳ, ನೆರಳಿಗೆ ಒಂದು ಕಡ್ಡಿಯೂ ಇಲ್ಲ. ಕಾಗದದ ಪೆಟ್ಟಿಗೆಯನ್ನು ಗೇಟಿಗೆ ಹಾಕಿಸಿ ಎಂದು ಎಷ್ಟು ಬೇಡಿಕೊಂಡರೂ ಆ ಮನೆಯವರು ಬಾಗಿಲಿಗೇ ಹಾಕಿಸಿದ್ದರು. ಬೀದಿಯಲ್ಲೆಲ್ಲ ಹೆಚ್ಚು ಕಾಗದ ಬರುತ್ತಿದ್ದುದೂ ಅವರಿಗೇ. ಬೇಕೆಂದೇ ಯಾರೋ ಬರೆಸುತ್ತಿದ್ದಾರೆ ಎಂದು ಅಂಚೆಯಣ್ಣನ ಗುಮಾನಿ. ಕಲ್ಲುಬೆಂಚಿನಿಂದ ಏಳುವಾಗಲೆಲ್ಲ ಅವನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದ: ಈ ಕೆಲಸ ಮುಗಿದ ಮೇಲೆ ಒಂದು ಮನೆ ಅಂತ ಆದರೆ, ಇಂಥ ತಂಪಿನ ಮನೆಯಾಗಬೇಕು.

ಕೆಲಸ ಮುಗಿಯಿತು. ಅಂಚೆ ಕಚೇರಿಯ ಹಿಂದಿದ್ದ ಎರಡು ಕೋಣೆಯ ಕ್ವಾರ್ಟರ್ಸನ್ನು ಎರಡು ತಿಂಗಳಲ್ಲಿ ಬಿಡಬೇಕಾಗಿತ್ತು. ಆ ವೇಳೆಗೆ ಸರಿಯಾಗಿ ಮನೆ ತೋರಿಸುವ ದಲ್ಲಾಳಿ ಸುದ್ದಿ ತಂದ. ಸೊಂಟದಲ್ಲಿ ಸದಾ ಕೀಲಿಕೈಗಳ ಗೊಂಚಲು ಕುಣಿಸಿಕೊಂಡು ಓಡಾಡುವುದರಿಂದ ಊರಿಗೆಲ್ಲ ಅವನು ಗೊಂಚಲಪ್ಪ. ಟೀಚರಮ್ಮ ತಂಗಿಯ ಊರಿಗೆ ಹೊರಟುಹೋಗಿದ್ದರು, ಅವರ ಮನೆ ಖಾಲಿ. ಎದುರಿನ ಬಾಣಲೆ ಮನೆಯೂ ಖಾಲಿ. ಎರಡೂ ಅಂಚೆಯಣ್ಣನ ಕೈಗೆಟಕುವಂಥವೇ.

"ಇದು ನನ್ನ ಹಣೆಯಲ್ಲಿ ಬರೆದಿತ್ತು ಕಣೇ!" ಎಂದು ಅಂಚೆಯಣ್ಣ ಆ ಭಾನುವಾರವೇ ಹೆಂಡತಿಯನ್ನು ಟೀಚರಮ್ಮನ ಮನೆಗೆ ಕರೆದುಕೊಂಡು ಹೋದ. ಬೆಂಚಿನ ಮೇಲೆ ಕೂರಿಸಿದ. ನೀರಿನ ಚೊಂಬು ಇಡುತ್ತಿದ್ದ ಕಿಟಕಿ ತೋರಿಸಿದ. ಅವಳು ಎದ್ದು ಒಳಗೆ ಹೋಗಿ ಅಡುಗೆಮನೆ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು, ಕೊನೆಗೆ ಹಿತ್ತಿಲ ಬಾಗಿಲು ತೆಗೆದಳು. ನಾಲ್ಕು ಮಾರು ಜಾಗ, ಅದರಾಚೆ ಗೋದಾಮಿನ ಗೋಡೆ ಆಕಾಶದವರೆಗೆ. ನೆಲವೆಲ್ಲ ಹಸಿರು ಪಾಚಿ. ಅವಳು ಒಂದು ಪಾದ ಹೊರಗಿಟ್ಟು, ಮತ್ತೆ ಒಳಗೆಳೆದುಕೊಂಡಳು.

"ಚೆನ್ನಾಗಿದೆ ರೀ. ನಿಮ್ಮ ಟೀಚರಮ್ಮ ಬಲು ಚೊಕ್ಕವಾಗಿ ಇಟ್ಟಿದ್ರು."

"ಎದುರುಗಡೆದೂ ಒಂದು ಸಲ ನೋಡ್ತೀರಾ ಅಕ್ಕ?" ಎಂದ ಗೊಂಚಲಪ್ಪ.

"ಅದರಲ್ಲಿ ನೋಡೋದೇನಿದೆ? ಮೂವತ್ತಾರು ವರ್ಷ ಅದರಲ್ಲಿ ಬೆಂದಿದ್ದೀನಿ ನಾನು!" ಎಂದು ಅಂಚೆಯಣ್ಣನೇ ನಡುವೆ ಬಾಯಿ ಹಾಕಿದ.

ಅವಳು ರಸ್ತೆಯಾಚೆ ಒಮ್ಮೆ ಕಣ್ಣು ಹಾಯಿಸಿದಳು. "ಅವರಿಗೆ ಬೇಡ ಅಂದ್ಮೇಲೆ ಬಿಡಪ್ಪ," ಎಂದಳು. ವಾರದ ಕೊನೆಗೆ ಮಾತು ಮುಗಿಸುವುದೆಂದಾಯಿತು.

ಮಾರನೆಯ ದಿನ ಸೋಮವಾರ. ಕೆಲಸದ ದಿನವೊಂದರಲ್ಲಿ ಅಂಚೆಯಣ್ಣ ಮನೆಯಲ್ಲಿ ಸುಮ್ಮನೆ ಕೂತದ್ದು ಅದೇ ಮೊದಲು. ಎಂಟೂವರೆಗೆ ಹೆಂಡತಿ ಕಿಟಕಿಯಲ್ಲಿದ್ದ ಗಿಡದ ಡಬ್ಬಗಳನ್ನು ಒಂದೊಂದಾಗಿ ತಂದು ಮೆಟ್ಟಿಲ ಮೇಲಿಟ್ಟಳು. ಬಿಸ್ಕತ್ತಿನ ಡಬ್ಬ, ಎಣ್ಣೆ ಡಬ್ಬ, ಬಣ್ಣದ ಡಬ್ಬ, ಒಟ್ಟು ಹನ್ನೊಂದು. ಗುಲಾಬಿ, ಪುದೀನ, ಮೆಣಸಿನಕಾಯಿ, ಏಳು ವರ್ಷವಾದರೂ ಮೊಣಕಾಲು ದಾಟದ ಒಂದು ನಿಂಬೆಗಿಡ. ಹತ್ತಕ್ಕೆ ಅವನ್ನೆಲ್ಲ ಎತ್ತಿ ಕಚೇರಿಯ ಹಿಂಗೋಡೆಯ ಕಟ್ಟೆಗೆ ಸಾಗಿಸಿದಳು. ಹನ್ನೆರಡಕ್ಕೆ ಓಣಿಯ ನಟ್ಟನಡುವೆ.

"ಏನೇ ಇದು ಮೆರವಣಿಗೆ?"

"ಅಡ್ಡ ಬರಬೇಡಿ, ಅದು ಹೊರಟುಹೋಗುತ್ತೆ."

"ಯಾವುದು?"

"ಬಿಸಿಲು ರೀ. ನಿಮ್ಮ ಮುಖ ನೋಡ್ಕೊಂಡು ನಿಂತಿರುತ್ತಾ ಅದು?"

ಎರಡು ಗಂಟೆಗೆ ನೀರಿನ ತೊಟ್ಟಿಯ ಮೇಲೆ. ಅದಕ್ಕೆ ಮಾತ್ರ ಅವಳು ಒಂದು ಕೈ ಮೊಣಕಾಲಿಗೆ ಊರಿ ಏರಬೇಕಾಯಿತು. ಅಂಚೆಯಣ್ಣ ಎದ್ದು ಹೋಗಿ ಡಬ್ಬ ಎತ್ತಿಕೊಟ್ಟ. ಮೂರೂಮುಕ್ಕಾಲಿಗೆ ಎಲ್ಲವೂ ಮರಳಿ ಕಿಟಕಿ ಸೇರಿದವು. ಅವನು ದಿನಾ ಬೆಳಗ್ಗೆ ಎಂಟಕ್ಕೆ ಕಚೇರಿಗೆ ಹೊರಡುವಾಗ ನೋಡುತ್ತಿದ್ದುದು, ಸಂಜೆ ಬಂದಾಗ ನೋಡುತ್ತಿದ್ದುದು ಅಲ್ಲೇ. ಭಾನುವಾರವಾದರೆ ಕಾಲು ಚಾಚಿ ಹಗಲೆಲ್ಲ ನಿದ್ದೆ. ಅವು ಇಡೀ ದಿನ ಅಲ್ಲೇ ಇರುತ್ತವೆಂದು ತಿಳಿದಿದ್ದ.

"ಎಷ್ಟು ದಿನದಿಂದ ಹೀಗೆ?"

"ದಿನವಾ? ಮದುವೆಯಾಗಿ ಈ ಮನೆಗೆ ಬಂದ ವರ್ಷದಿಂದ. ಈ ಓಣಿಗೆ ಬಿಸಿಲು ಬರೋದೇ ನೆಂಟರ ಹಾಗೆ. ಬಂದಾಗ ಹಿಡ್ಕೋಬೇಕು."

ಪ್ರತಿ ಸಂಜೆ ಅವನು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ತನ್ನ ನಡಿಗೆಯ ಕಥೆ ಹೇಳಿದ್ದ, ಅವಳು ಹೂಂಗುಟ್ಟುತ್ತ ಕೇಳಿದ್ದಳು. ತನ್ನದನ್ನು ಒಂದು ದಿನವೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

"ಟೀಚರಮ್ಮನ ಮನೆಗೆ ಹೋದ್ಮೇಲೆ ಇವನ್ನೆಲ್ಲ ಎಲ್ಲಿಡ್ತೀಯ?"

ಅವಳು ನಿಂಬೆಗಿಡದ ಒಣಗಿದ ಎಲೆಯೊಂದನ್ನು ಕಿತ್ತಳು. "ನಿಮ್ಮ ಕಚೇರೀಲಿ ಸ್ಟಾಂಪ್ ಮಾರೋ ಹುಡುಗಿ ಕೇಳ್ತಿದ್ಲು. ಕೊಡ್ತೀನಿ ಅಂತ ಹೇಳಿಯಾಗಿದೆ."

"ಹನ್ನೊಂದೂ?"

"ನಿಂಬೆದೊಂದನ್ನ ಇಟ್ಕೊಳ್ಳೋಣ ಅಂದ್ಕೊಂಡೆ. ಆಮೇಲೆ, ಅದನ್ನ ಯಾಕೆ ಒಂಟಿ ಮಾಡೋದು ಅನ್ನಿಸ್ತು."

"ಮತ್ತೆ ನಿನ್ನೆ ಚೆನ್ನಾಗಿದೆ ಅಂದೆ?"

"ಚೆನ್ನಾಗೇ ಇದೆಯಲ್ಲ. ಆ ಕಲ್ಲುಬೆಂಚಿನ ಸುದ್ದಿ ಹೇಳುವಾಗ ನಿಮ್ಮ ಮುಖ ಹೇಗಾಗುತ್ತೆ ಅಂತ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು," ಎಂದು ಅವಳು ಒಳಗೆ ಹೋದಳು.

ಮರುದಿನ ಬೆಳಗ್ಗೆ ಅಂಚೆಯಣ್ಣ ಗೊಂಚಲಪ್ಪನಿಂದ ಕೀಲಿ ಇಸಿದುಕೊಂಡು ಹೋಗಿ ಟೀಚರಮ್ಮನ ಹಿತ್ತಿಲಲ್ಲಿ ಒಂದು ಮಣೆ ಹಾಕಿಕೊಂಡು ಕೂತ. ಕಾಗದ ಹಂಚುವವನಿಗೆ ಮನೆಗಳ ಮುಖವೊಂದೇ ಕಾಣುವುದು. ಬೆನ್ನು ಇರುವುದೇ ಗೊತ್ತಿರುವುದಿಲ್ಲ. ಒಂಬತ್ತಾಯಿತು, ಹತ್ತಾಯಿತು. ಹನ್ನೊಂದು ದಾಟಿದ ಮೇಲೆ ಗೋದಾಮಿನ ಸಂದಿಯಿಂದ ಅಂಚೆಕಾರ್ಡಿನಷ್ಟು ಬಿಸಿಲು ಪಕ್ಕದ ಗೋಡೆಗೆ ಬಿತ್ತು. ಅವನು ಎದ್ದು ಹೋಗಿ ಅದರ ಮೇಲೆ ಅಂಗೈ ಇಟ್ಟ. ಅಂಗೈ ಬೆಚ್ಚಗಾಗುವುದರೊಳಗೆ ಅದು ಜಾರಿಹೋಯಿತು. ಮತ್ತೆ ಬರಲಿಲ್ಲ.

ಎರಡು ಗಂಟೆಗೆ ಕಾಲುಗಳು ತಾವಾಗಿ ಅವನನ್ನು ಜಗಲಿಗೆ ತಂದವು. ಬೆಂಚು ಅದೇ, ತಂಪು ಅದೇ. ಚೀಲವಿಲ್ಲದ ತೊಡೆ ಹಗುರವಾಗಿತ್ತು. ಎಷ್ಟು ಬೇಸಿಗೆ ಇಲ್ಲಿ ಕಳೆದವು! ಟೀಚರಮ್ಮ ಒಮ್ಮೆ ಅವನ ಹರಿದ ಚೀಲದ ಬಾಯಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿಕೊಟ್ಟಿದ್ದರು; ತಮಗೇ ಬಂದ ಕಾಗದ ಓದಿ ನಕ್ಕು, ಅದನ್ನು ಅವನಿಗೂ ಓದಿ ಹೇಳಿದ್ದರು. ಅವನು ಬಹಳ ಹೊತ್ತು ಕೂತಿದ್ದ. ಇನ್ನೆಷ್ಟು ಮನೆ ಉಳಿದವು ಎಂದು ಒಳಗಿನಿಂದ ಯಾರೂ ಕೇಳಲಿಲ್ಲ.

ಆಮೇಲೆ ಎದ್ದು ರಸ್ತೆ ದಾಟಿದ. ಬಾಣಲೆ ಮನೆಯ ಗೇಟು ಎಂದಿನ ಹಾಗೆ ಕೈ ಸುಟ್ಟಿತು. ಅಂಗಳದ ನಡುವೆ ತಲೆಗೆ ಟವೆಲ್ ಹೊದ್ದು ನಿಂತ. ನೆತ್ತಿಯ ಬಿಸಿಲು ಭುಜಕ್ಕೆ ಇಳಿಯಿತು, ಭುಜದಿಂದ ಬೆನ್ನಿಗೆ. ಬಿಸಿಲು ಅಂಗಳ ಬಿಟ್ಟು ಮಾತ್ರ ಕದಲಲಿಲ್ಲ. ಚಪ್ಪಲಿಯ ತುದಿಯಿಂದ ನೆಲ ಕೆದಕಿದ. ಮೇಲಿನ ಹೆಂಟೆ ಸರಿದರೆ ಕೆಳಗೆ ಕಪ್ಪಗಿನ ಒಳ್ಳೆಯ ಮಣ್ಣು.

"ಏನಯ್ಯ, ನೀನೇನು ಒಗೆದ ಬಟ್ಟೆನಾ, ಒಣಗೋಕೆ ನಿಂತಿದ್ದೀಯ?" ಗೊಂಚಲಪ್ಪ ಗೇಟಿನಾಚೆ ನಿಂತು ಕೂಗಿದ.

"ಈ ಮನೆನೇ ಆಗ್ಲಿ."

"ತಲೆಗೆ ಬಿಸಿಲು ಏರಿದೆ ನಿಂಗೆ. ನಾಳೆ ಹೇಳು."

"ನಾಳೆನೂ ಇದೇ ಬಿಸಿಲು ಇರುತ್ತಲ್ಲ, ಅದಕ್ಕೇ."

ಮನೆಯಲ್ಲಿ ಹೆಂಡತಿ ಕೇಳಿದವಳೇ ಸಿಡುಕಿದಳು. "ನಿಮಗೇನು ಹುಚ್ಚಾ? ಬಿಸಿಲಿಗೆ ಹೋದ್ರೆ ನಿಮಗೆ ತಲೆನೋವು ಹಿಡಿಯುತ್ತೆ. ನಾಲ್ಕು ಡಬ್ಬಕ್ಕೋಸ್ಕರ ಯಾರಾದ್ರೂ ಮನೆ ಬದಲಾಯಿಸ್ತಾರಾ?"

"ಹನ್ನೊಂದು. ಮತ್ತೆ ನಾನು ಇರೋದು ಒಳಗೆ ಕಣೇ. ಬಿಸಿಲಲ್ಲಿ ಇಪ್ಪತ್ತೇಳು ಹೆಜ್ಜೆ ನಡಿ ಅಂತ ಈಗ ಯಾರು ಹೇಳ್ತಾರೆ ನನಗೆ?"

"ಆ ಬೆಂಚು?"

"ಬೆಂಚು ಅಲ್ಲೇ ಇದೆ. ಟೀಚರಮ್ಮ ಇಲ್ಲ," ಎಂದ ಅಂಚೆಯಣ್ಣ. ಮನೆ ಬಿಡುವ ದಿನ ಸ್ಟಾಂಪ್ ಮಾರುವ ಹುಡುಗಿಗೆ ಅವಳು ಒಂದು ಪುದೀನದ ಡಬ್ಬ ಕೊಟ್ಟು, ಉಳಿದವನ್ನು ಕೈಗಾಡಿಯಲ್ಲಿ ತನ್ನ ಕಣ್ಣೆದುರಿಗೇ ಸಾಗಿಸಿದಳು.

ಹೊಸ ಮನೆಗೆ ಬಂದ ಮೂರನೆಯ ದಿನ ಅಂಚೆಯಣ್ಣ ಕತ್ತರಿಯಿಂದ ಡಬ್ಬಗಳನ್ನು ಉದ್ದಕ್ಕೆ ಸೀಳಿಕೊಟ್ಟ. ನಿಂಬೆಗಿಡದ ಬೇರು ಡಬ್ಬದ ಒಳಮೈಗೆ ಸುತ್ತು ಹಾಕಿ ಹಾಕಿ ಸಿಂಬಿಯಂತಾಗಿತ್ತು. ತಗಡು ತೆಗೆದರೂ ಅದು ಡಬ್ಬದ ಆಕಾರದಲ್ಲೇ ನಿಂತಿತ್ತು. ಹೆಂಡತಿ ಅಂಗಳದ ನಡುವೆ ಕಾಲು ಚಾಚಿ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಸಿಕ್ಕುಗೂದಲು ಬಿಡಿಸುವವಳ ಹಾಗೆ ಒಂದೊಂದೇ ಎಳೆ ಬಿಡಿಸತೊಡಗಿದಳು. ಅಂಚೆಯಣ್ಣ ಬಾಗಿಲ ನೆರಳಿನಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಸಾಕು, ಒಳಗೆ ಬಾರೇ. ಮೂರು ಗಂಟೆಯಾಯ್ತು, ನೆತ್ತಿ ಸುಡುತ್ತೆ."

"ಇರಿ, ಇದೊಂದು ಎಳೆ."

ಬೆಳಗಿನಿಂದ ಅವಳು ಇದೊಂದು, ಇದೊಂದು ಎನ್ನುತ್ತಲೇ ಇದ್ದಳು. ಬಿಸಿಲು ಎಲ್ಲಿಗೆ ಹೋಯಿತೆಂದು ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.