ಇಬ್ಬರು ಡಾಕ್ಟರಿಗೂ ಬೇಜಾರಾಗಬಾರದೆಂದು

ಬೀದರಿನ ಗಡಿ ಊರು ಡಾಬಕಾದಲ್ಲಿ ಯಾರಿಗೇ ಕಾಲು ನೋಯಲಿ, ಕಾರಣ ಸಿದ್ಧವಾಗಿಯೇ ಇರುತ್ತದೆ: ತೊಗರಿ ಹೊಲದ ಕೆಲಸ. ವಿಠ್ಠಲನ ತೊಡೆ ಹಿಡಿದುಕೊಂಡಾಗಲೂ ಊರೆಲ್ಲ ಅದನ್ನೇ ಹೇಳಿತು. ಆದರೆ ಎಂಟು ದಿನದಿಂದ ಅವನು ಹೊಲದ ಕಡೆ ತಲೆ ಹಾಕಿರಲಿಲ್ಲ. ಕೂತಲ್ಲಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಿತ್ತು. ಹೆಂಡತಿ ಅಲಕಾಳ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಹೋದ ವರ್ಷವಷ್ಟೇ ಗಂಡನಿಗೆ ಹೃದಯಾಘಾತವಾಗಿ, ಬೀದರಿನ ಡಾಕ್ಟರು ಜೀವ ಉಳಿಸಿ, ದಿನಾ ನುಂಗಲು ಕೊಲೆಸ್ಟ್ರಾಲ್ ಗುಳಿಗೆ ಬರೆದುಕೊಟ್ಟಿದ್ದರು.

"ಇದೆಲ್ಲಾ ಆ ಕೊಲೆಸ್ಟ್ರಾಲ್ ಗುಳಿಗಿದೇ ಕಾರಭಾರ," ಎಂದ ವಿಠ್ಠಲ. "ನಾಳಿಂದ ಬಂದ್. ಎಲ್ಲಾ ತಿಪ್ಪಿಗೆ ಒಗಿ."

"ಒಗದ ಮ್ಯಾಲ ಮತ್ತ ಎದಿ ಹಿಡಕೊಂಡ್ರ ಏನ್ ಮಾಡ್ಲಿ ನಾ?" ಎಂದಳು ಅಲಕಾ.

ಅವಳು ನೇರ ಹೋಗಿ ಆಶಾ ಕಾರ್ಯಕರ್ತೆ ಖತೀಜಾ ಬೇಗಂ ಅವರನ್ನು ಕರೆತಂದಳು. ಊರಿಗೆಲ್ಲ ಅವರು ಆಪಾ, ಅಂದರೆ ಅಕ್ಕ.

"ವಿಠ್ಠಲಣ್ಣಾ, ಮನ್ಯಾಗಿದ್ದ ಅಷ್ಟೂ ಗುಳಿಗಿ ನನ್ನ ಮುಂದ ಇಡ್ರಿ," ಎಂದರು ಆಪಾ.

ಅಲಕಾ ಗೂಡಿನಲ್ಲಿದ್ದ ಚೀಲ ತಂದಿಟ್ಟಳು.

"ಇಷ್ಟೇ ಏನ್ರಿ?"

ವಿಠ್ಠಲ ಕೆಮ್ಮಿದ. ಗೂಟಕ್ಕೆ ಹಾಕಿದ್ದ ಅಂಗಿಯ ಜೇಬಿನಿಂದ ಇನ್ನೆರಡು ಪಟ್ಟಿ ಗುಳಿಗೆ ತೆಗೆದ. ಅಲಕಾ ದಂಗಾದಳು.

"ಎರಡು ತಿಂಗಳ ಹಿಂದ ಗಡಿ ದಾಟಿ ಉದಗೀರಕ್ಕ ಮಗಳ ಮನಿಗಿ ಹೋಗಿದ್ನಲ್ರಿ, ಆಗ ಅಳಿಯ ಮಕರಂದ ಅಲ್ಲಿ ದೊಡ್ಡ ಡಾಕ್ಟರಿಗಿ ತೋರ್ಸಿದ. ರಕ್ತದಾಗ ಇನ್ನೊಂದು ಕೊಬ್ಬು, ಟ್ರೈಗ್ಲಿಸರೈಡ್ ಅಂತ, ಅದೂ ಭಾಳ ಅದ ಅಂದ್ರು. ಇವು ಕೊಟ್ರು."

"ಬೀದರದ ಗುಳಿಗಿ ತಗೋತೇನಿ ಅಂತ ಅವರಿಗಿ ಹೇಳಿದ್ರಿ?"

"ಹ್ಯಾಂಗ ಹೇಳ್ಲಿ ಆಪಾ? ಅಳಿಯ ಕರಕೊಂಡು ಹೋದ ಡಾಕ್ಟರು. ಭರವಸಿ ಇಲ್ಲ ಅಂದಂಗ ಆಗ್ತದ. ಬೀದರದವರು ಜೀವ ಉಳಿಸಿದವರು, ಅವರಿಗೂ ಬೇಜಾರ ಆಗಬಾರ್ದು. ಅದಕ್ಕ ಇಬ್ಬರವೂ ನುಂಗಿದೆ."

ಗಡಿ ಊರಿನವರ ಮುಲಾಜೇ ಹೀಗೆ. ಆಚೆಗೊಬ್ಬ ಡಾಕ್ಟರು, ಈಚೆಗೊಬ್ಬ ಡಾಕ್ಟರು. ಇಬ್ಬರನ್ನೂ ಬೀಗರಂತೆ ಸಂಭಾಳಿಸಬೇಕು!

ಆಪಾ ಚಾಳೀಸು ಕನ್ನಡಕ ಏರಿಸಿ ಪಟ್ಟಿಗಳ ಮೇಲಿನ ಸಣ್ಣ ಅಕ್ಷರ ಓದಿದರು. "ಬೀದರದ ಗುಳಿಗಿ, ಉದಗೀರದ ಈ ಒಂದು ಗುಳಿಗಿ, ಹೆಸರು ಬ್ಯಾರೆ, ಒಳಗಿನ ಔಷಧ ಒಂದೇ ಅದ. ಕೊಲೆಸ್ಟ್ರಾಲ್ ಗುಳಿಗಿ ಎರಡು ಪಟ್ಟು ನುಂಗ್ಲತ್ತೀರಿ. ಅದರ ಮ್ಯಾಲ ಟ್ರೈಗ್ಲಿಸರೈಡ್ ಗುಳಿಗಿ. ಇವು ಕೂಡಿದ್ರ ಕೆಲವರ ಮಾಂಸಖಂಡಕ್ಕ ಪೆಟ್ಟು ಬೀಳ್ತದ. ಮೂತ್ರ ಯಾವ ಬಣ್ಣ ಹೋಗ್ತದ್ರಿ?"

ವಿಠ್ಠಲ ತಲೆ ತಗ್ಗಿಸಿದ. "ನಿನ್ನಿಂದ ಕರೀ ಚಾದಂಗ."

ಆಪಾ ಮತ್ತೆ ಕೂರಲಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದರು. ಇವತ್ತಿನ ಕೊಬ್ಬಿನ ಗುಳಿಗೆ ಕೊಡಬೇಡಿ, ತಡಮಾಡದೆ ಬೀದರಿಗೆ ಕಳಿಸಿ ಎಂದರು ಅವರು. "ನಡೀರಿ ವೈನಿ," ಎಂದರು ಆಪಾ ಅಲಕಾಗೆ. "ತಡ ಆದ್ರ ಮೂತ್ರಪಿಂಡ ಕೆಡ್ತಾವ. ಎಲ್ಲಾ ಪಟ್ಟಿ ಸಂಗಾಟ ತಗೋರಿ."

ಬೀದರಿನ ಡಾಕ್ಟರ ಮೇಜಿನ ಮೇಲೆ ಅಲಕಾ ಗುಳಿಗೆ ಪಟ್ಟಿಗಳನ್ನು ಒಂದನ್ನೂ ಬಿಡದೆ ಹರಡಿದಳು. "ನಿಮಗ ಬೇಜಾರ ಆಗಬಾರ್ದಂತ ಹೇಳಿರ್ಲಿಲ್ರಿ," ಎಂದು ವಿಠ್ಠಲ ಬೈಗುಳಕ್ಕೆ ಕಾದು ಕೂತ.

"ಬೇಜಾರ ಯಾಕ್ರಿ?" ಎಂದರು ಡಾಕ್ಟರು. "ನೀವು ಏನು ನುಂಗ್ತೀರಿ ಅಂತ ತಿಳೀದೆ ಔಷಧ ಬರೆಯೋದೇ ನಮಗ ಅಂಜಿಕಿ."

ರಕ್ತ ಪರೀಕ್ಷೆಯಲ್ಲಿ ಮಾಂಸಖಂಡಕ್ಕೆ ಏಟು ಬಿದ್ದದ್ದು ಗೊತ್ತಾಯಿತು. ಮೂತ್ರಪಿಂಡ ಸ್ವಲ್ಪದರಲ್ಲಿ ಉಳಿದಿತ್ತು. ನಾಲ್ಕು ದಿನ ಸಲಾಯಿನ್ ಹಚ್ಚಿದರು. ನಿಧಾನಕ್ಕೆ ನೋವು ಇಳಿಯಿತು, ಮೂತ್ರ ತಿಳಿಯಾಯಿತು. ಕೆಲವು ವಾರಗಳ ನಂತರ ಮತ್ತೆ ರಕ್ತ ನೋಡಿ, ಡಾಕ್ಟರು ಒಂದೇ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಬರೆದರು.

"ಮತ್ತ ಗುಳಿಗಿ ಯಾಕ್ರಿ? ಈಗ ಆರಾಮ ಇದ್ದೇನಿ," ಎಂದ ವಿಠ್ಠಲ.

"ಕಾಲು ಉಳಿದ್ವು, ಎದಿನೂ ಉಳೀಬೇಕಲ್ರಿ? ಗುಳಿಗಿ ವೈರಿ ಅಲ್ಲ, ಎರಡೆರಡು ನುಂಗಿದ್ದು ತಪ್ಪು. ರಿಪೋರ್ಟ್ ಚಲೋ ಬಂತಂತ ನೀವೇ ಬಿಟ್ರ ಕೊಬ್ಬು ಮತ್ತ ಏರ್ತದ. ಸೆರೆ ಕುಡಿಯೋದು ಬಿಡ್ರಿ, ಸಕ್ಕರಿ, ಕರದದ್ದು ಕಮ್ಮಿ ಮಾಡ್ರಿ. ಹೇಳಿದ ದಿನ ರಕ್ತ ತೋರಿಸ್ರಿ."

ಹೊರಗೆ ಬಂದವನೇ ವಿಠ್ಠಲ ಅಳಿಯನಿಗೆ ಫೋನ್ ಹಚ್ಚಿದ. "ಮಕರಂದ, ಬೀದರದ ಚೀಟಿ ಫೋಟೋ ಕಳಸ್ತೇನಿ, ನಿಮ್ಮ ಡಾಕ್ಟರಿಗೂ ತೋರಸ್ರಿ. ನಾನು ಮುಚ್ಚಿಟ್ಟು ತಪ್ಪು ಮಾಡಿದೆ." ಆಸ್ಪತ್ರೆಯಲ್ಲಿ ಅಷ್ಟು ದಿನ ಗಟ್ಟಿಯಾಗಿದ್ದ ಅಲಕಾ, ಆ ಮಾತು ಕೇಳಿ ಬಿಕ್ಕಿ ಬಿಕ್ಕಿ ಅತ್ತಳು. ವಿಠ್ಠಲ ಅವಳ ಕೈಹಿಡಿದು ಬಸ್ ನಿಲ್ದಾಣದ ಕಡೆ ನಡೆದ. ಗೋಡೆಯ ಆಸರೆ ಬೇಕಾಗಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಕೊಲೆಸ್ಟ್ರಾಲ್ ಗುಳಿಗೆ ಎದೆ ಕಾಯುತ್ತದೆ. ಅದನ್ನು ನೀವಾಗಿಯೇ ಬಿಡಬೇಡಿ, ನೀವಾಗಿಯೇ ಹೆಚ್ಚಿಸಬೇಡಿ, ಪಕ್ಕದ ಮನೆಯವರದು ಇಸಿದುಕೊಂಡು ನುಂಗಬೇಡಿ. ಬಸಿರಿದ್ದರೆ, ಲಿವರ್ ತೊಂದರೆ ಇದ್ದರೆ, ನಾಟಿ ಪುಡಿ ತಿನ್ನುತ್ತಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ಮೈಕೈ ವಿಪರೀತ ನೋಯುತ್ತಿದ್ದರೆ, ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಈಗಲೇ ಏಳಿ, ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಮುಂದಿನ ಸಲ ಡಾಕ್ಟರ ಮುಂದೆ ಅಷ್ಟನ್ನೂ ಸುರುವಿ.