ಕಟ್ಟೆಯ ಮುಂದಿನ ದಾರಿ

"ಇಲ್ಲಿಂದ ಸಾಲಿ ಕಾಣ್ತೈತಿ ನೋಡ್ರಿ, ಅಕ್ಕಾರ," ಎನ್ನುತ್ತ ಪರಸಪ್ಪ ಕಿಟಕಿಯ ಬಾಗಿಲನ್ನು ಹೊರಗೆ ತಳ್ಳಿದ. ಬೇವಿನ ಗಿಡದ ಆಚೆ ಹೆಣ್ಣುಮಕ್ಕಳ ಶಾಲೆಯ ಹಂಚು, ಅಂಗಳದಲ್ಲಿ ತೂಗುಬಿಟ್ಟ ಗಂಟೆ ಎರಡೂ ಕಂಡವು. "ಗಂಟಿ ಬಾರಿಸಿದ ಮ್ಯಾಲ ಮನಿ ಬಿಟ್ರೂ ಹಾಜರಿಗೆ ಮುಟ್ಟತೀರಿ. ಬಾವಿ ಹಿತ್ತಲದಾಗ ಐತಿ. ಕಿರಾಣಿ ಅಂಗಡಿ ಮೂಲ್ಯಾಗ ಐತಿ. ಗಾಡಿ ಇಲ್ಲದವರಿಗೆ ಇದಕ್ಕಿಂತ ಚಲೋ ಮನಿ ಸಿಂದಗ್ಯಾಗ ಸಿಗೂದಿಲ್ಲ."

ಗುರವ್ವ ಕಿಟಕಿಯ ಹತ್ತಿರ ಬಂದು ನಿಂತಳು. ಕೋಣೆಗೆ ಬೆಳಕಿತ್ತು, ಗೋಡೆಗೆ ಹೊಸ ಸುಣ್ಣ ಬಳಿದಿದ್ದರು. ಅವಳು ಶಾಲೆಯ ಕಡೆ ನೋಡದೆ ಕೆಳಗಿನ ಓಣಿ ಎಲ್ಲಿ ಹೊರಳುತ್ತದೆ ಎಂದು ನೋಡುತ್ತಿದ್ದಳು.

"ಇಲ್ಲಿಂದ ಹ್ವಾದ್ರ ಬಜಾರ ಹಾಯಬೇಕೇನು?"

"ಎಲ್ಲೀದ್ರಿ. ಬಜಾರದ ಗೊಡವಿನ ಇಲ್ಲ." ಪರಸಪ್ಪ ಹೆಮ್ಮೆಯಿಂದ ಹೇಳಿದ.

"ಹಂಗಾದ್ರ ಬ್ಯಾಡ," ಎಂದಳು ಗುರವ್ವ.

ಅವಳ ದನಿ ಯಾವಾಗಲೂ ಸಣ್ಣದು. ಅವಳು ಪಾಠ ಹೇಳುವಾಗ ಹಿಂದಿನ ಸಾಲಿನ ಹುಡುಗಿಯರು ಕಿವಿಗೆ ಕೈ ಹಚ್ಚಿಕೊಂಡು ಅಣಕಿಸುತ್ತಿದ್ದರು. ಶಾಲೆಯ ಜವಾನ ಪರಸಪ್ಪ ತಾನು ಕೇಳಿದ್ದು ಸರಿಯೇ ಎಂದು ಒಮ್ಮೆ ಅವಳ ಮುಖ ನೋಡಿ, ಕಿಟಕಿ ಮುಚ್ಚಿದ. ಒಂದು ವಾರದಿಂದ ಶಾಲೆ ಬಿಟ್ಟ ಮೇಲೆ ಅವಳಿಗೆ ಮನೆ ತೋರಿಸುವುದೇ ಅವನ ಕೆಲಸವಾಗಿತ್ತು. ಬಸ್ ಸ್ಟ್ಯಾಂಡಿನ ಆಚೆ ರಾವಸಾಬ ಕಟ್ಟಿಸಿದ ಹೊಸ ಮನೆಗಳನ್ನು ಮೊದಲು ನೋಡಿದ್ದರು. "ಗಾಡಿ ಇದ್ದವರಿಗಂತ ಮಾಡೀನ್ರಿ ಇವನ್ನ," ಎಂದು ರಾವಸಾಬ ಎದೆ ಉಬ್ಬಿಸಿ ಹೇಳಿದಾಗ ಪರಸಪ್ಪನೇ, "ಸಂತ್ಯಾಗ ಮೆಣಸಿನಕಾಯಿ ತರಾಕ ಇಲ್ಲಿಂದ ಬುತ್ತಿ ಕಟಗೊಂಡು ಹೋಗಬೇಕಾಗ್ತೈತ್ರಿ, ಸಾಹೇಬ್ರ. ಗಾಡಿ ಎಣ್ಣಿ ರೇಟ ಕೇಳಿದ್ರ ನಮ್ಮ ಎತ್ತೂ ನಗತಾವು," ಎಂದು ಅವಳನ್ನು ಹೊರಡಿಸಿದ್ದ. ಅದು ದೂರವಾಯಿತು, ಸರಿ. ಇದು ಹತ್ತಿರವಿದ್ದೂ ಬೇಡ ಎಂದರೆ ಏನು ಮಾಡುವುದು?

"ಇನ್ನ ಉಳದದ್ದು ಸೈದಾಬಿ ಮನಿ ಒಂದ," ಎಂದ ಮೆಟ್ಟಿಲು ಇಳಿಯುತ್ತ. "ಸರಕಾರಿ ದವಾಖಾನಿ ಎದರಿಗೆ. ಆದ್ರ ಅಲ್ಲಿಂದ ಸಾಲಿಗೆ ಬರಬೇಕಂದ್ರ ಇಡೀ ಬಜಾರ ಹಾಯಬೇಕು. ನಿಮ್ಮ ವಾಡೇದ ಕಟ್ಟಿ ಮುಂದಾಸಿನ ಬರಬೇಕ್ರಿ."

"ಅದನ್ನ ನೋಡೂಣು," ಎಂದಳು ಗುರವ್ವ.

ಗುರವ್ವ ಹುಟ್ಟಿ ಬೆಳೆದ ವಾಡೆ, ಗೌಡರ ದೊಡ್ಡ ಮನೆ, ಬಜಾರದ ನಡುವೆ ಇತ್ತು. ಕರಿಕಲ್ಲಿನ ದೊಡ್ಡ ಬಾಗಿಲು, ಅದರ ಎರಡೂ ಬದಿಗೆ ಸೊಂಟದೆತ್ತರದ ಕಟ್ಟೆ. ಬೆಳಿಗ್ಗೆ ಅದರ ಮೇಲೆ, ಅವಳ ಅಪ್ಪ ತೀರಿದ ಮೇಲೆ ಊರ ಗೌಡನಾದ ಕಾಕಾ ಬಸಂತರಾಯ ಚಪ್ಪಲಿ ಕೆಳಗೆ ಬಿಟ್ಟು, ಲೋಡಿಗೆ ಆತು ಕುಳಿತಿರುತ್ತಿದ್ದ. ಸುತ್ತ ನಾಲ್ಕು ಜನ ಹಿರಿಯರು. ಆ ಕಟ್ಟೆಯ ಮುಂದೆ ಹಾಯುವ ಹೆಂಗಸರು ಚಪ್ಪಲಿ ಕಳೆದು ಕೈಯಲ್ಲಿ ಹಿಡಿಯಬೇಕು, ಸೆರಗು ಹೊತ್ತು ದಾಟಬೇಕು. ಅದು ಊರ ಹೆಂಗಸರಿಗಿದ್ದ ಕಟ್ಟಳೆ. ವಾಡೆಯ ಹೆಂಗಸರಂತೂ ಬಜಾರದಲ್ಲಿ ನಡೆಯುವುದೇ ಇಲ್ಲ. ಹಿಂದೆ ಸವಾರಿ ಗಾಡಿ ಇತ್ತು, ಈಗ ಹಿಂದಿನ ಸೀಟಿಗೆ ಹಳೆಯ ಇಳಕಲ್ ಸೀರೆಯ ಪರದೆ ಕಟ್ಟಿದ ಜೀಪು. ಬಾಗಿಲಿನಿಂದ ಜೀಪಿನವರೆಗಿನ ಅಷ್ಟು ನೆಲವನ್ನು ಅವರೂ ಬರಿಗಾಲಲ್ಲೇ, ಚಪ್ಪಲಿ ಕೈಯಲ್ಲಿ ಹಿಡಿದೇ ದಾಟುತ್ತಿದ್ದರು. "ನಮ್ಮ ಹೆಣ್ಣಮಕ್ಕಳ ಕಾಲಿಗೆ ಬಜಾರದ ಧೂಳ ಹತ್ತಬಾರ್ದು," ಎಂಬುದು ಕಾಕಾನ ಮಾತು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅವಳ ಅವ್ವ ರೇವವ್ವನಿಗೆ ವಾಂತಿಭೇದಿ ಹತ್ತಿತ್ತು. ಗುರವ್ವ ವಿಜಾಪುರದ ಕಾಲೇಜಿನಿಂದ ರಜೆಗೆ ಬಂದಿದ್ದಳು. ವಾಡೆಯಿಂದ ದವಾಖಾನೆಗೆ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ರಸ ಬಿಡುವುದರೊಳಗೆ ಮುಟ್ಟಬಹುದು. ಜೀಪು ಕಾಕಾನ ಮಗನಿಗೆ ಹೆಣ್ಣು ನೋಡಲು ನಾಲತವಾಡಕ್ಕೆ ಹೋಗಿತ್ತು. ಅವಳು ಅವ್ವನ ರಟ್ಟೆ ಹಿಡಿದು ಬಾಗಿಲಿನವರೆಗೆ ನಡೆಸಿಕೊಂಡು ಬಂದಾಗ ಕಾಕಾ ತನ್ನ ಬೆತ್ತವನ್ನು ಬಾಗಿಲಿಗೆ ಅಡ್ಡ ಹಿಡಿದ. ಸಿಟ್ಟಿನಿಂದಲ್ಲ. ದನ ಹೊರಬೀಳದಂತೆ ಕೊಟ್ಟಿಗೆಯ ಬಾಗಿಲಿಗೆ ಕೋಲು ಇಡುವ ಹಾಗೆ. "ಜೀಪ ಬರ್ತೈತಿ, ತಡಿ," ಎಂದ. ಹೊರಸಿನ ಮೇಲೆ ಹೊತ್ತುಕೊಂಡು ಹೋಗುತ್ತೇವೆ ಎಂದ ಆಳುಗಳಿಗೂ ಅದನ್ನೇ ಹೇಳಿದ. ಅವ್ವ ಜೀಪು ಹತ್ತಲೆಂದು ಉಟ್ಟ ಒಳ್ಳೆಯ ಸೀರೆಯಲ್ಲಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ಬಿಸಿಲು ಪಡಸಾಲೆಯನ್ನೆಲ್ಲ ಹಾಯ್ದು ಆ ಕಡೆಯ ಗೋಡೆ ಏರಿತು. ಜೀಪು ಬಂದಾಗ ಅವಳನ್ನು ಹತ್ತಿಸುವ ಕೆಲಸ ಉಳಿದಿರಲಿಲ್ಲ.

ಮರುದಿನ ಅವ್ವನನ್ನು ಶವ ಒಯ್ಯುವ ಹೂವಿನ ವಿಮಾನದಲ್ಲಿ ಕೂಡಿಸಿ, ಅದೇ ಬಜಾರದಲ್ಲಿ ಭಜನೆಯೊಡನೆ ಹೆಗಲ ಮೇಲೆ ಹೊತ್ತು ಒಯ್ದರು. ಮುಖಕ್ಕೆ ಪರದೆ ಇರಲಿಲ್ಲ. ಊರೆಲ್ಲ ನೋಡಿತು. ಆಗ ಯಾರ ಮರ್ಯಾದೆಯೂ ಅಡ್ಡ ಬರಲಿಲ್ಲ.

ಡಿಗ್ರಿ ಮುಗಿದು ಈ ಊರಿನ ಶಾಲೆಗೇ ನೇಮಕವಾದಾಗ ಕಾಕಾ ಹೇಳಿ ಕಳಿಸಿದ್ದ: ವಾಡೇದಾಗ ಇರು, ಜೀಪಿನ್ಯಾಗ ಹೋಗು, ಜೀಪಿನ್ಯಾಗ ಬಾ. ಗುರವ್ವ ವಾಡೆಗೆ ಹೋಗಲಿಲ್ಲ. ಮುಖ್ಯೋಪಾಧ್ಯಾಯಿನಿಯ ಮನೆಯಲ್ಲಿ ಟ್ರಂಕು ಇಟ್ಟುಕೊಂಡು ಮನೆ ಹುಡುಕತೊಡಗಿದಳು.

ಸೈದಾಬಿಯ ಕೋಣೆಗೆ ಒಂದೇ ಕಿಟಕಿ. ಅದರಿಂದ ದವಾಖಾನೆಯ ಹಳದಿ ಗೋಡೆ ಕಾಣುತ್ತಿತ್ತು. ಗುರವ್ವ ಒಳಗೆ ಸರಿಯಾಗಿ ನೋಡಲೂ ಇಲ್ಲ. "ನಾಳೆ ಬರ್ತೇನ್ರಿ," ಎಂದಳು. ಹೊರಗೆ ಬಂದು ಪರಸಪ್ಪನನ್ನು ಸಮಗಾರ ಖಂಡೆಪ್ಪನ ಅಂಗಡಿಗೆ ಕರೆದುಕೊಂಡು ಹೋಗಿ ಹೊಸ ಚಪ್ಪಲಿಗೆ ಅಳತೆ ಕೊಟ್ಟಳು.

"ಮೆತ್ತನ್ನ ತೊಗಲ ಹಾಕ್ಲ್ಯಾ, ಅಕ್ಕಾರ?" ಖಂಡೆಪ್ಪ ಕೇಳಿದ.

"ಬ್ಯಾಡ. ಸಪ್ಪಳ ಬರಬೇಕು."

ಖಂಡೆಪ್ಪ ನಕ್ಕ. "ಗಂಡಸರ ಹಂಗ ಕೇಳತಾರ್ರಿ, ಹೊಸದಾಗಿ ಲಗ್ನ ಆದವ್ರು." ಆದರೂ ಅಟ್ಟೆಯ ಪದರಿನಲ್ಲಿ ಏನನ್ನೋ ಇಟ್ಟು ಹೊಲಿದು ಕೊಟ್ಟ.

ಮೊದಲ ದಿನ ಅವಳು ಆ ಚಪ್ಪಲಿ ಮೆಟ್ಟಿ ಸೈದಾಬಿಯ ಮನೆಯಿಂದ ಹೊರಟಳು. ಬಟ್ಟೆ ಅಂಗಡಿ ದಾಟುವಾಗ ತಿರುಗಿ ಹೋಗಿಬಿಡಲೇ ಎನ್ನಿಸಿತು. ಕಟ್ಟೆ ಹತ್ತಿರವಾದಂತೆ ಅಲ್ಲಿಯ ಮಾತು ಒಬ್ಬೊಬ್ಬರದಾಗಿ ನಿಂತಿತು. ಅವಳು ಬಾಗಲಿಲ್ಲ. ಕರಕ್, ಕರಕ್ ಎಂದು ಚಪ್ಪಲಿ ತನ್ನಷ್ಟಕ್ಕೆ ತಾನು ಮಾತಾಡುತ್ತ ಹೋಯಿತು. ಕಾಕಾ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ಹಿಡಿದುಕೊಂಡಿದ್ದ. ದಾಟಿದ ಮೇಲೆ ಹಿಂದಿನಿಂದ ಯಾರೋ "ರೇವವ್ವನ ಮಗಳಲಾ?" ಎಂದದ್ದು ಕೇಳಿಸಿತು. ಆ ಹೆಸರು ಆ ಕಟ್ಟೆಯ ಮೇಲೆ ಮತ್ತೆ ಬಂದಿತಲ್ಲ ಎಂದು ಅವಳಿಗೆ ಇಡೀ ದಿನ ಹಿತವಾಯಿತು.

ಎರಡನೆಯ ದಿನ ಡ್ರೈವರ್ ಸಂಗಣ್ಣ ಜೀಪು ತಂದು ಸೈದಾಬಿಯ ಬಾಗಿಲಿಗೆ ನಿಲ್ಲಿಸಿದ. "ಕೂಡ್ರಿ ತಂಗೀ. ಗೌಡ್ರು ಕಳಸ್ಯಾರ." ಗುರವ್ವ ಜೀಪಿನ ಪಕ್ಕದಲ್ಲೇ ಹಾದು ನಡೆದಳು. ಖಾಲಿ ಜೀಪು ತಂದರೆ ಗೌಡರು ಬೈಯುತ್ತಾರೆಂದು ಸಂಗಣ್ಣ ಅವಳ ಹಿಂದೆಯೇ ಮೆಲ್ಲಗೆ ಬಜಾರದುದ್ದಕ್ಕೂ ಗಾಡಿ ಬಿಟ್ಟುಕೊಂಡು ಬಂದ. ಕಿರಾಣಿ ಅಂಗಡಿಯ ಕುತುಬುದ್ದೀನ ತಕ್ಕಡಿ ಹಿಡಿದವನೇ ಕೂಗಿದ: "ಏನ್ರಿ ಅಕ್ಕಾರ, ಜೀಪ ಮೇಯಸಾಕ ಹೊಂಟೀರೇನು?" ಬಜಾರಕ್ಕೆ ಬಜಾರವೇ ನಕ್ಕಿತು. ಕಟ್ಟೆಯ ಮೇಲೂ ಒಬ್ಬ ಮುದುಕ ತಡೆಯಲಾರದೆ ಕೆಮ್ಮಿದ. ಅಂದಿನಿಂದ ಜೀಪು ಬರಲಿಲ್ಲ.

ಬದಲಿಗೆ ಹುಡುಗಿಯಿಂದ ಕೋಣೆ ಬಿಡಿಸು ಎಂದು ಸೈದಾಬಿಗೆ ಹೇಳಿ ಕಳಿಸಿದರು. ಸೈದಾಬಿ ಅಂಗಳ ಗುಡಿಸುತ್ತಲೇ ಬಂದವನಿಗೆ ಹೇಳಿದಳು: "ಗೌಡ್ರಿಗೆ ನನ್ನ ಸಲಾಮ ಹೇಳಪಾ. ನಾ ಬಾಡಿಗಿಗೆ ಕೊಟ್ಟದ್ದು ಕ್ವಾಣಿ. ಹುಡಿಗೀ ಕಾಲು ನನ್ನ ಕೈಯಾಗಿಲ್ಲ." ಆಮೇಲೆ ಗುರವ್ವನ ಕಡೆ ತಿರುಗಿ, "ನೀ ಅಷ್ಟ ಸಣ್ಣಗ ಮಾತಾಡ್ತೀ ಬೇಟೀ. ನಿನ್ನ ಚಪ್ಪಲ್ ಅಷ್ಟ ಯಾಕ ಒದರತಾವ?" ಎಂದಳು.

ಮಳೆಗಾಲ ಹಾಯಿತು. ಬಿಳಿಜೋಳ ಮೊಣಕಾಲಿಗೆ ಬಂದವು. ಗುರವ್ವ ದಿನಾಲೂ ಹಾದಳು. ಕಾಕಾ ಅವಳು ಬರುವ ಹೊತ್ತಿಗೆ ಎದ್ದು ಒಳಗೆ ಹೋಗತೊಡಗಿದ. ಅವಳು ಸ್ವಲ್ಪ ಮುಂಚೆ ಹೊರಡತೊಡಗಿದಳು. ಮತ್ತೂ ಒಂದು ಸಂಗತಿ ನಡೆಯಿತು. ಶಾಲೆಗೆ ಬರುವ ದೊಡ್ಡ ಹುಡುಗಿಯರು, ಮೊದಲು ಒಬ್ಬಳು, ಆಮೇಲೆ ಇಬ್ಬರು, ಕಟ್ಟೆಯ ಮುಂದೆ ಬಾಗುವುದನ್ನು ಬಿಟ್ಟರು. ಅದು ಅವಳು ಬೇಡಿದ್ದಲ್ಲ. ಅವಳಿಗೆ ಬೇಕಾದದ್ದು ಒಬ್ಬನ ಕಣ್ಣು ಮಾತ್ರ. ಅವನು ಒಮ್ಮೆ ತಲೆ ಎತ್ತಿ ನೋಡಬೇಕು, ನೋಡಿ ಅಳೆಯಬೇಕು: ಇಲ್ಲಿಂದ ದವಾಖಾನೆ ಎಷ್ಟು ದೂರ.

ಕಾರ್ತಿಕದ ಒಂದು ಬೆಳಿಗ್ಗೆ ಕಟ್ಟೆಯ ಮುಂದೆ ಜನ ನಿಂತಿದ್ದರು. ಆಳು ತಿಪ್ಪವ್ವ ಬಾಗಿಲಲ್ಲಿ ಹಣೆ ಬಡಿದುಕೊಳ್ಳುತ್ತಿದ್ದಳು. "ಒಲಿಗೆ ಸೆಗಣಿ ಕುಳ್ಳ ತಗ್ಯಾಕ ಹೋಗಿದ್ರವ್ವಾ. ಕೆಂಚೇಳು. ಕೈಗೆ ಹೊಡದೈತಿ." ಒಳಗೆ ಪಡಸಾಲೆಯಲ್ಲಿ, ಅದೇ ಕಂಬಕ್ಕೆ ಒರಗಿ, ಕಾಕಿ ಬಾಳಮ್ಮ ಕುಳಿತಿದ್ದು ಬೀದಿಗೆ ಕಾಣುತ್ತಿತ್ತು. ಬಲಗೈಯನ್ನು ಎಡಗೈಯಿಂದ ಅವುಚಿ ಹಿಡಿದಿದ್ದಳು. ಮುಖದಿಂದ ಬೆವರು ನೀರಿನ ಹಾಗೆ ಇಳಿಯುತ್ತಿತ್ತು. ಕಾಕಾ ಕಟ್ಟೆಯ ಮೇಲೆ ನಿಂತು ಯಂಕಂಚಿಯ ದಾರಿಯ ಕಡೆ ನೋಡುತ್ತಿದ್ದ. ಜೀಪು ಹೊಲಕ್ಕೆ ಹೋಗಿತ್ತು.

ಗುರವ್ವ ನಿಲ್ಲಲಿಲ್ಲ. ಬಾಗಿಲ ಮುಂದೆ ಹಾದು ಹೋದಳು. ಈಗ ಕಾಯಲಿ, ಎಂದುಕೊಂಡಳು. ಕಾಯುವುದು ಹೇಗಿರುತ್ತದೆ ಎಂದು ಅವನಿಗೂ ಗೊತ್ತಾಗಲಿ, ಬಿಸಿಲು ಆ ಗೋಡೆ ಏರುವವರೆಗೂ ಕಾಯಲಿ. ಅವಳ ಚಪ್ಪಲಿ ಕರಕ್ ಎಂದಿತು. ಹಿಂದಿನಿಂದ ಕಾಕಾನ ದನಿ ಬಂತು, ಯಾರಿಗೋ ಹೇಳುತ್ತಿದ್ದ: "ಜೀಪ ಬರ್ತೈತಿ, ತಡ್ರಿ."

ಅದೇ ಮಾತು. ಅವಳ ಕಾಲು ಅಲ್ಲೇ ನಿಂತಿತು. ತಿರುಗಿ ಬಂದು, ಚಪ್ಪಲಿ ಕಾಲಲ್ಲಿ ಇಟ್ಟುಕೊಂಡೇ ವಾಡೆಯ ಹೊಸ್ತಿಲು ದಾಟಿ ಪಡಸಾಲೆ ಏರಿದಳು.

"ಏಳ್ರಿ, ಕಾಕಿ."

ಬಾಳಮ್ಮ ತಲೆ ಎತ್ತಿದಳು. ಗುರವ್ವ ಅವಳ ರಟ್ಟೆ ಹಿಡಿದಳು. ತಿಪ್ಪವ್ವ ಅಭ್ಯಾಸದಂತೆ ಒಡತಿಯ ಚಪ್ಪಲಿ ತಂದು ಕಾಲಿನ ಹತ್ತಿರ ಇಟ್ಟಳು. ಮೂವರೂ ಬಾಗಿಲಿಗೆ ಬಂದಾಗ ಕಾಕಾ ಕಟ್ಟೆ ಇಳಿದು ಅಡ್ಡ ನಿಂತ. ಬೆತ್ತ ಮೇಲೆದ್ದಿತು.

"ಎಲ್ಲಿಗೆ? ಜೀಪ—"

"ರೇವಕ್ಕ ಕಾದ್ಲು," ಎಂದಳು ಬಾಳಮ್ಮ. ಹಲ್ಲು ಕಚ್ಚಿಕೊಂಡಿದ್ದರಿಂದ ಮಾತು ತುಂಡಾಗಿ ಬಂತು. "ನಾ ಕಾಯೂದಿಲ್ಲ. ಸರೀರಿ."

ಬೀದಿಯಲ್ಲಿ ಯಾರೂ ಕೆಮ್ಮಲಿಲ್ಲ. ಬೆತ್ತ ಇನ್ನೂ ಅಡ್ಡ ಇತ್ತು. ಗುರವ್ವ ಅದನ್ನು ಕೈಯಿಂದ ಸರಿಸಲಿಲ್ಲ. ಸುಮ್ಮನೆ ಕಾಕಾನ ಮುಖವನ್ನೇ ನೋಡಿದಳು. ಹುಟ್ಟಿದಾಗಿನಿಂದ ಅವಳು ಹಾಗೆ ನೋಡಿರಲಿಲ್ಲ. ಮೊದಲು ಅವನ ಕಣ್ಣು ಇಳಿಯಿತು, ಆಮೇಲೆ ಬೆತ್ತ.

ಕಟ್ಟೆಯ ಮುಂದೆ ಬಂದಾಗ ಬಾಳಮ್ಮ ನಿಂತಳು. ನೋವಿನಿಂದ ನಿಂತಳೇನೋ ಎಂದು ಗುರವ್ವ ನೋಡಿದರೆ, ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಕಳಚುತ್ತಿದ್ದಳು. ಮೂವತ್ತು ವರ್ಷದ ರೂಢಿ. ಎತ್ತಿಕೊಳ್ಳಲು ಬಾಗಿದಳು. ಚೇಳು ಕಚ್ಚಿದ ಕೈ ಏಳಲಿಲ್ಲ.

"ಅಲ್ಲೇ ಬಿಡ್ರಿ," ಎಂದು ಗುರವ್ವ ಅವಳ ಸೊಂಟಕ್ಕೆ ಕೈ ಹಾಕಿ ಮುಂದೆ ನಡೆಸಿದಳು.

ಬಜಾರ ಎರಡೂ ಬದಿಗೆ ಸರಿದು ದಾರಿ ಬಿಟ್ಟಿತು. ಕುತುಬುದ್ದೀನ ತಕ್ಕಡಿ ಕೆಳಗಿಟ್ಟ. ವಾಡೆಯ ಗೌಡತಿ ಸೆರಗು ಜಾರಿದ ತಲೆಯಲ್ಲಿ, ಬರಿಗಾಲಲ್ಲಿ, ಬಜಾರದ ಧೂಳಿನಲ್ಲಿ ನಡೆಯುತ್ತಿದ್ದಳು. ಬಟ್ಟೆ ಅಂಗಡಿ ದಾಟಿದ ಮೇಲೆ ಜನರ ನೋಟ ತಮ್ಮ ಮೇಲಿಂದ ಸರಿದು ಹಿಂದಕ್ಕೆ ಹೋಗುವುದನ್ನು ಗುರವ್ವ ಕಂಡಳು. ಅವಳು ತಿರುಗಿ ನೋಡಲಿಲ್ಲ. ದವಾಖಾನೆ ಬಂದೇಬಿಟ್ಟಿತು. ಅಷ್ಟೇ ದೂರ. ಅಷ್ಟೇ ದೂರವಿತ್ತು.

ಡಾಕ್ಟರು ಬಾಳಮ್ಮನನ್ನು ಮಂಚದ ಮೇಲೆ ಮಲಗಿಸಿ ಸೂಜಿ ಚುಚ್ಚಿದರು. ನಾಡಿ ಹಿಡಿದು ನೋಡಿ, "ಲಗೂನ ತಂದೀರಿ, ಚಲೋ ಆತು," ಎಂದರು. ಗುರವ್ವ ಆ ಮಾತನ್ನು ಕೇಳಿಸಿಕೊಂಡು ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಳು.

ಹೊರಗೆ ಬಂದಾಗ ಬಸಂತರಾಯ ಮೆಟ್ಟಿಲಿನ ಕೆಳಗೆ, ರೋಗಿಗಳು ಬಿಟ್ಟ ಚಪ್ಪಲಿಗಳ ಸಾಲಿನ ಹತ್ತಿರ ನಿಂತಿದ್ದ. ಕೈಯಲ್ಲಿ ಬೆತ್ತ ಇರಲಿಲ್ಲ. ಬಾಳಮ್ಮನ ಚಪ್ಪಲಿ ಎರಡೂ ಇದ್ದವು, ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಸುತ್ತಲಿನವರು ಬೇರೆ ಕಡೆ ನೋಡುವಂತೆ ನಟಿಸುತ್ತಿದ್ದರು. ಅವನು ಏನೋ ಕೇಳಲು ಬಾಯಿ ತೆರೆದ. ಒಳಗಿನವಳು ಹೇಗಿದ್ದಾಳೆ ಎಂದೋ, ಇವನ್ನು ಎಲ್ಲಿಡಲಿ ಎಂದೋ. ಗುರವ್ವ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಟ್ಟಳು.

"ಉಳದಾರ," ಎಂದಳು. ಕೆಳಗಿಡಿರಿ ಎಂದು ಹೇಳಲಿಲ್ಲ.

ಶಾಲೆಯ ಹೊತ್ತು ಮೀರಿತ್ತು. ಅವಳು ಅದೇ ದಾರಿಯಿಂದ ನಡೆದಳು. ವಾಡೆಯ ಮುಂದೆ ಜೀಪು ಬಂದು ನಿಂತಿತ್ತು. ಎಂಜಿನು ಇನ್ನೂ ಗುರುಗುಡುತ್ತಿತ್ತು. ಸಂಗಣ್ಣ ಪರದೆ ಸರಿಸಿ ಹಿಡಿದುಕೊಂಡು ಗಾಬರಿಯಿಂದ ಅತ್ತಿತ್ತ ನೋಡುತ್ತಿದ್ದ.

"ಗೌಡ್ರು ಎಲ್ಲಿಗೆ ಹ್ವಾದ್ರು, ತಂಗೀ?"

"ನಡಕೋತ ಹೋಗ್ಯಾರ," ಎಂದಳು ಗುರವ್ವ.

ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಲೋಡು ಓರೆಯಾಗಿ ಬಿದ್ದಿತ್ತು. ಕೆಳಗೆ ಕಾಕಾನ ದೊಡ್ಡ ಚಪ್ಪಲಿ, ಬೀದಿಗೆ ಮುಖ ಮಾಡಿ, ಅವನು ಬಿಟ್ಟಲ್ಲೇ ಇದ್ದವು.